ಶೋಧಪ್ರಶ್ನೆಯೂ ತಾರತಮ್ಯಕ್ರಮವೂ: ಹಾಸನದ ಸೀಮೆಯ ಶಾಸನಗಳನ್ನು ಮುಂದಿಟ್ಟುಕೊಂಡು ಒಂದು ವಿಮರ್ಶೆ

ಒಂದು ಗ್ರಂಥರಾಶಿಯಲ್ಲಿ ಇರುವುದನ್ನು ಇದೆಯೆಂದು ತೋರಿಸುವುದು ಸುಲಭ. ಇಲ್ಲದುದನ್ನು ಇಲ್ಲವೆಂದು ಸಾಧಿಸುವುದು ಕಷ್ಟ. ಮೊದಲನೆಯದಕ್ಕೆ ಒಂದೇ ಒಂದು ಪ್ರಯೋಗ ಸಾಕು. ಎರಡನೆಯದಕ್ಕೆ ರಾಶಿಯನ್ನೆಲ್ಲ ಆದ್ಯಂತವಾಗಿ ಓದಿರಬೇಕು. ಹಿಂದಿನ ವಿದ್ವಾಂಸರು “ಈ ಶಬ್ದವು ಈ ಸೀಮೆಯ ಶಾಸನಗಳಲ್ಲಿ ಕಂಡುಬರುವುದಿಲ್ಲ” ಎಂದು ಬರೆಯಬೇಕಾದರೆ ವರ್ಷಗಟ್ಟಲೆ ಸಂಪುಟಗಳನ್ನು ತಿರುವಿಹಾಕಿ, ಚೀಟಿಗಳನ್ನು ಕೂಡಿಸಿಟ್ಟುಕೊಂಡು, ಆಮೇಲೆಯೂ ಅಳುಕುತ್ತಲೇ ಬರೆಯುತ್ತಿದ್ದರು. ಈಗಲಾದರೋ ಸರ್ಚ್ ಎಂಜಿನ್ ಎಂದು ಲೋಕರೂಢಿಯಲ್ಲಿರುವ ಶೋಧಯಂತ್ರಕ್ಕೆ ನಾಲ್ಕು ಅಕ್ಷರಗಳನ್ನು ಕೊಟ್ಟು, ಅದು ಬರಿಗೈ ತೋರಿಸಿದ ಮಾತ್ರಕ್ಕೆ ಅದೇ ವಾಕ್ಯವನ್ನು ನಿಸ್ಸಂಕೋಚವಾಗಿ ಬರೆದುಬಿಡಬಹುದಾಗಿದೆ. ಎರಡು ವಾಕ್ಯಗಳೂ ಅಚ್ಚಿನಲ್ಲಿ ಒಂದೇ ಬಗೆಯಾಗಿ ಕಾಣುವುವು. ಆದರೆ ಅವುಗಳ ಪ್ರಾಮಾಣ್ಯವು ಒಂದೇ ಅಲ್ಲ. ಈ ಅಂತರವು ಎಲ್ಲಿಂದ ಹುಟ್ಟುವುದು, ಅದನ್ನು ತಗ್ಗಿಸುವ ಬಗೆ ಯಾವುದು ಎಂಬುದೇ ಪ್ರಕೃತ ವಿಚಾರ.

1. ಹೆಸರಿನ ತೊಡಕು

ಹಾಸನದ ಬಳಿಯ ಬೂವನಹಳ್ಳಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಹಾಸನದ ವಿಮಾನನಿಲ್ದಾಣಕ್ಕೆ ಗೊತ್ತಾದ ಸ್ಥಳವೆಂದು ಈ ಊರಿನ ಹೆಸರು ವರ್ತಮಾನಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಆದರೆ ಹೆಸರಿನ ರೂಪವು ಒಂದೇ ಆಗಿಲ್ಲ. ಬೂವನಹಳ್ಳಿ, ಬುವನಹಳ್ಳಿ, ಭುವನಹಳ್ಳಿ ಎಂದು ಬರೆಯುವವರ ಕೈಯಂತೆ ಅದು ಮಾರ್ಪಡುವುದು. ರೋಮನ್ ಲಿಪಿಗೆ ಹೋದಮೇಲೆ ದೀರ್ಘವನ್ನೂ ಮಹಾಪ್ರಾಣವನ್ನೂ ತೋರಿಸುವ ಬಗೆ ಹಲವಾದುದರಿಂದ ರೂಪಗಳು ಇನ್ನೂ ಹೆಚ್ಚುವುವು. ಇದಕ್ಕೆ ವಿಭಕ್ತಿಪ್ರತ್ಯಯಗಳು ಸೇರಿದರೆ ಬೂವನಹಳ್ಳಿಯ, ಬೂವನಹಳ್ಳಿಗೆ, ಬೂವನಹಳ್ಳಿಯಲ್ಲಿ, ಬೂವನಹಳ್ಳಿಯಿಂದ ಎಂದು ಮತ್ತೊಂದು ಸಾಲು ಹೊರಡುವುದು. ಓದುಗನಿಗೆ ಇವೆಲ್ಲ ಒಂದೇ ಊರು. ಅಕ್ಷರವನ್ನು ಅಕ್ಷರದೊಡನೆ ಹೋಲಿಸಿನೋಡುವ ಯಂತ್ರಕ್ಕೆ ಇವು ಬೇರೆ ಬೇರೆ ಶಬ್ದಗಳು.

ಹಾಗಾದರೆ ಪ್ರತ್ಯಯವನ್ನೂ ಉತ್ತರಪದವನ್ನೂ ಕತ್ತರಿಸಿ “ಭುವನ” ಎಂಬಷ್ಟನ್ನೇ ಹುಡುಕಿದರೆ ಸಾಲದೆ ಎಂದು ಕೇಳಬಹುದು. ಶಾಸನರಾಶಿಯಲ್ಲಿ ಹಾಗೆ ಮಾಡಿದವನು ಪ್ರವಾಹದಲ್ಲಿ ಸಿಕ್ಕಿಬೀಳುವನು. ಏಕೆಂದರೆ “ಸಮಸ್ತಭುವನಾಶ್ರಯ” ಎಂಬ ಬಿರುದು ಚಾಲುಕ್ಯ ಚಕ್ರವರ್ತಿಗಳಿಗೂ, ಇಮ್ಮಡಿ ಬಲ್ಲಾಳನಿಂದೀಚಿನ ಹೊಯ್ಸಳರಿಗೂ ಸಲ್ಲುತ್ತಿದ್ದುದು. ಹಳ್ಳಿಯನ್ನು ಅರಸಿ ಹೊರಟವನಿಗೆ ಹಳ್ಳಿಯ ಬದಲು ಅರಸರೇ ಎದುರಾಗುವರು. ಅಂತು ಪ್ರಶ್ನೆಯನ್ನು ಬಿಗಿಮಾಡಿದರೆ ಬೇಕಾದುದು ತಪ್ಪಿಹೋಗುವುದು. ಸಡಿಲಿಸಿದರೆ ಬೇಡದುದು ತುಂಬಿಕೊಳ್ಳುವುದು.

ಇಲ್ಲಿಯೇ ಮತ್ತೊಂದು ಅಪಾಯವನ್ನೂ ಹೇಳಿಬಿಡಬೇಕು. ಹಲವು ರೂಪಗಳಲ್ಲಿ ಹೆಚ್ಚು ಸಲ ಸಿಕ್ಕಿದುದೇ ಮೂಲರೂಪವೆಂದು ಎಣಿಸುವುದು ಸುಲಭ. “ಬೂವ”ವೆಂದರೆ ಅನ್ನ, “ಭುವನ”ವೆಂದರೆ ಲೋಕ. ಸಂಸ್ಕೃತದ ಪರಿಚಯವುಳ್ಳ ಲೇಖಕನ ಕೈ ಎರಡನೆಯದರ ಕಡೆಗೆ ವಾಲುವುದು ಸ್ವಾಭಾವಿಕ. ಆದುದರಿಂದ ಎಣಿಕೆಯು ಲೇಖಕರ ಅಭ್ಯಾಸವನ್ನು ತಿಳಿಸುವುದೇ ಹೊರತು ಊರಿನ ಹೆಸರಿನ ನಿಷ್ಪತ್ತಿಯನ್ನು ತಿಳಿಸದು. ರೂಪಗಳನ್ನು ಒಂದು ಮಾಡಿ ಹುಡುಕುವುದು ಯಂತ್ರದ ಕೆಲಸ. ಅವುಗಳಲ್ಲಿ ಯಾವುದು ಮೊದಲಿನದೆಂದು ನಿರ್ಣಯಿಸುವುದು ಭಾಷಾಶಾಸ್ತ್ರದ ಕೆಲಸ.

2. ರಾಶಿಯ ಮೇರೆ

ಹಾಸನ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಸಾಹೇಬರು ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟವಾಗಿ 1902ರಲ್ಲಿ ಪ್ರಕಟಿಸಿದರು. ಪ್ರತಿಯೊಂದು ತಾಲ್ಲೂಕಿಗೂ ಒಂದು ಸಂಕೇತ, ಅದರ ಮುಂದೆ ಒಂದು ಸಂಖ್ಯೆ ಎಂಬ ಅವರ ಕ್ರಮವನ್ನೇ ಅಲ್ಲಿಂದೀಚೆಗೆ ಬರೆದವರೆಲ್ಲರೂ ಅನುಸರಿಸಿದರು. ಆದರೆ ಚನ್ನರಾಯಪಟ್ಟಣದ ತಾಲ್ಲೂಕಿಗೇ ಸೇರಿದ ಶ್ರವಣಬೆಳಗೊಳದ ಶಾಸನಗಳು ಈ ಸಂಪುಟದಲ್ಲಿಲ್ಲ. ಅವು 1889ರಲ್ಲಿಯೇ ಎರಡನೆಯ ಸಂಪುಟವಾಗಿ ಬೇರೆ ಬಂದುವು, 1923ರಲ್ಲಿ ಆರ್. ನರಸಿಂಹಾಚಾರ್ಯರಿಂದ ಪರಿಷ್ಕೃತವಾದುವು. ಆದಕಾರಣ ಐದನೆಯ ಸಂಪುಟವನ್ನು ಮಾತ್ರ ಯಂತ್ರಕ್ಕೆ ಉಣ್ಣಿಸಿ, ಚನ್ನರಾಯಪಟ್ಟಣದ ಸೀಮೆಯಲ್ಲಿ ಜೈನರ ವಿಷಯ ಎಷ್ಟಿದೆಯೆಂದು ಕೇಳಿದವನಿಗೆ ಬರುವ ಉತ್ತರವು ಲೆಕ್ಕದಲ್ಲಿ ಸರಿಯಾಗಿದ್ದರೂ ಅರ್ಥದಲ್ಲಿ ತಪ್ಪಾಗಿರುವುದು.

ಹಲ್ಮಿಡಿಯ ಶಾಸನವು ಇದಕ್ಕಿಂತಲೂ ಮೇಲಾದ ಪಾಠ. ಬೇಲೂರು ತಾಲ್ಲೂಕಿನ ಈ ಶಾಸನವನ್ನು ಡಾಕ್ಟರ್ ಎಂ. ಎಚ್. ಕೃಷ್ಣರವರು ಮೈಸೂರು ಪ್ರಾಕ್ತನಶಾಸ್ತ್ರ ಇಲಾಖೆಯ 1936ರ ವರದಿಯಲ್ಲಿ ಪ್ರಕಟಿಸಿದರು. 1902ರ ಸಂಪುಟವನ್ನು ಎಷ್ಟು ಜಾಣತನದಿಂದ ಶೋಧಿಸಿದರೂ ಅದು ದೊರೆಯುವಂತಿಲ್ಲ. ಅದು ಹಾಗಿರಲಿ, ಶಾಸನದ ಮೂಲಪಾಠವೇ ಯಂತ್ರದಲ್ಲಿ ಸೇರಿದ್ದರೂ, “ಹಲ್ಮಿಡಿ” ಎಂದು ಕೇಳಿದವನಿಗೆ ಪಾಠವು ಉತ್ತರ ಕೊಡದು. ಶಾಸನದಲ್ಲಿರುವುದು ಪಕಾರದಿಂದ ಮೊದಲಾಗುವ “ಪಲ್ಮಡಿ” ಎಂಬ ರೂಪ. ಅದರ ಜೊತೆಗೆ ಬರುವ ಇನ್ನೊಂದು ಊರು “ಮೂೞಿವಳ್ಳಿ”. ಅಲ್ಲಿ “ಹಳ್ಳಿ”ಯೂ ಇಲ್ಲ, “ಪಳ್ಳಿ”ಯೂ ಇಲ್ಲ, ಸಮಾಸದಲ್ಲಿ ಮಾರ್ಪಟ್ಟ “ವಳ್ಳಿ” ಇದೆ. ಪಕಾರವು ಹಕಾರವಾದುದು, ಪಕಾರವು ಸಮಾಸಮಧ್ಯದಲ್ಲಿ ವಕಾರವಾದುದು ಇವು ಕನ್ನಡದ ವಿದ್ಯಾರ್ಥಿಗೆ ಪಾಠಶಾಲೆಯ ವಿಷಯ. ಯಂತ್ರಕ್ಕೆ ಅದನ್ನು ಯಾರೂ ಹೇಳಿಕೊಡದಿದ್ದರೆ ಅದಕ್ಕೆ ತಿಳಿಯದು. ಪೊಯ್ಸಳ, ಹೊಯ್ಸಳ, ಹೊಯ್ಸಣ. ಬೆಳ್ಗೊಳ, ಬೆಳುಗುಳ, ಬೆಳಗೊಳ. ಗೞ್ದೆ, ಗರ್ದೆ, ಗದ್ದೆ — ಇಂತಹ ಗುಂಪುಗಳನ್ನು ವ್ಯಾಕರಣ ಬಲ್ಲವನೇ ಕಟ್ಟಿಕೊಡಬೇಕು.

ಲಿಪಿಯ ಸಂಕೇತದಲ್ಲಿಯೂ ಮರೆಯಾದ ತೊಡಕುಗಳುಂಟು. ಯೂನಿಕೋಡ್ ಸಂಕೇತದಲ್ಲಿ ಓಕಾರದ ಚಿಹ್ನೆಯನ್ನು ಒಂದೇ ಗುರುತಾಗಿಯೂ ಬರೆಯಬಹುದು, ಬಿಡಿ ಭಾಗಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಇವನ್ನು ಮೊದಲೇ ಏಕರೂಪಕ್ಕೆ ತರದಿದ್ದರೆ ಕಣ್ಣೆದುರಿಗಿರುವ ಶಬ್ದವೂ ಸಿಕ್ಕದೆ ಹೋಗುವುದು. ೞಕಾರಕ್ಕೆ ಆ ಸಂಕೇತಪಟ್ಟಿಯಲ್ಲಿ “ಫ” ಎಂಬ ತಪ್ಪು ಹೆಸರು ಅಂಟಿಕೊಂಡು, ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬ ನಿಯಮದಿಂದ ಇಂದಿಗೂ ಹಾಗೆಯೇ ಉಳಿದಿದೆ. ಕನ್ನಡಕ್ಕೆ ವಿಶಿಷ್ಟವಾದ ಅಕ್ಷರದ ಗತಿಯೇ ಹೀಗಾದರೆ, ಕನ್ನಡವನ್ನರಿಯದವರು ಕಟ್ಟಿದ ಯಂತ್ರವನ್ನು ಪರೀಕ್ಷೆಯಿಲ್ಲದೆ ನಂಬಬಾರದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

3. ಸಂಯುಕ್ತಪ್ರಶ್ನೆಯ ರಚನೆ

ಜಾರ್ಜ್ ಬೂಲ್ ಎಂಬ ಗಣಿತಜ್ಞನು 1854ರಲ್ಲಿ ಪ್ರಕಟಿಸಿದ ತರ್ಕಗ್ರಂಥದಿಂದ “ಮತ್ತು”, “ಅಥವಾ”, “ಅಲ್ಲ” ಎಂಬ ಮೂರು ಮಾತುಗಳು ಶೋಧನೆಯ ಭಾಷೆಗೆ ಬಂದಿವೆ. ಇವನ್ನು ಹೆಣೆದು ಎಂತಹ ತೊಡಕಾದ ಪ್ರಶ್ನೆಯನ್ನಾದರೂ ಕಟ್ಟಬಹುದು. ಈಗ ಬಳಕೆಯಲ್ಲಿರುವ ಲೂಸೀನ್, ಎಲಾಸ್ಟಿಕ್‌ಸರ್ಚ್ ಮೊದಲಾದ ಯಂತ್ರಗಳಲ್ಲಿ ಇವಕ್ಕೆ ಸ್ವಲ್ಪ ಸೂಕ್ಷ್ಮವಾದ ಭೇದಗಳಿವೆ: ಇರಲೇಬೇಕಾದುದು, ಇದ್ದರೆ ಒಳ್ಳೆಯದೆನಿಸುವುದು, ಇರಕೂಡದುದು, ಮತ್ತು ಅಂಕಕ್ಕೆ ಸೇರದೆ ಬರಿಯ ಜರಡಿಯಾಗಿ ನಿಲ್ಲುವುದು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳಲ್ಲಿ ಹೊಯ್ಸಳರ ಕಾಲದಲ್ಲಿ ಕೆರೆ ಕಟ್ಟಿಸಿದ ಶಾಸನಗಳು ಬೇಕೆಂದು ಒಬ್ಬ ಸಂಶೋಧಕನು ಬಯಸುವನೆಂದು ಇಟ್ಟುಕೊಳ್ಳಬಹುದು. ತಾಲ್ಲೂಕು ಮತ್ತು ಕಾಲ ಇವೆರಡೂ ಜರಡಿಗಳು, ಇವುಗಳಲ್ಲಿ ಹೆಚ್ಚುಕಡಿಮೆಯೆಂಬುದಿಲ್ಲ. ಕೆರೆಗೆ “ಕೆರೆ ಅಥವಾ ಕೆಱೆ ಅಥವಾ ತಟಾಕ ಅಥವಾ ಕಟ್ಟೆ ಅಥವಾ ಸಮುದ್ರ” ಎಂದು ಪರ್ಯಾಯಗಳನ್ನು ಕೊಡಬೇಕು. ದೊಡ್ಡ ಕೆರೆಗಳನ್ನು ಸಮುದ್ರವೆಂದು ಕರೆಯುವ ವಾಡಿಕೆಯಿದ್ದುದರಿಂದ ಕೊನೆಯ ಶಬ್ದವನ್ನು ಬಿಡುವಂತಿಲ್ಲ. “ತೂಬು”, “ಬಿತ್ತುವಟ್ಟ”, “ಕಟ್ಟುಕೊಡಗೆ” ಎಂಬ ಶಬ್ದಗಳು ಇದ್ದರೆ ಒಳ್ಳೆಯದೆಂಬ ವರ್ಗಕ್ಕೆ ಸೇರತಕ್ಕುವು.

ಇಷ್ಟು ಮಾಡಿದೊಡನೆ ಹೊಯ್ಸಳರ ರಾಜಧಾನಿಯಾದ ದೋರಸಮುದ್ರವು “ಸಮುದ್ರ”ದ ಬೆನ್ನುಹತ್ತಿ ಫಲಿತವನ್ನೆಲ್ಲ ತುಂಬಿಬಿಡುವುದು. ಅನುಭವವಿಲ್ಲದವನು ಕೂಡಲೇ “ದೋರಸಮುದ್ರ ಅಲ್ಲ” ಎಂದು ಸೇರಿಸುವನು. ಪಟ್ಟಿಯು ಥಟ್ಟನೆ ಚಿಕ್ಕದಾಗಿ ಅಚ್ಚುಕಟ್ಟಾಗಿ ಕಾಣುವುದು. ಆದರೆ ನಡೆದುದೇನು? ರಾಜನು ದೋರಸಮುದ್ರದ ನೆಲೆವೀಡಿನಲ್ಲಿ ಸುಖದಿಂದ ರಾಜ್ಯವಾಳುತ್ತಿದ್ದನೆಂಬ ಮಾತಿನಿಂದ ಮೊದಲಾಗಿ, ಮುಂದೆ ಕೆರೆಯ ಸಂಗತಿಯನ್ನು ಹೇಳುವ ಶಾಸನಗಳೆಲ್ಲವೂ ಒಟ್ಟಿಗೆ ಹೊರಗಾದುವು. ಬೇಕಾದ ಸಾಕ್ಷ್ಯವೇ ಬೇಡದ ಹೆಸರಿನೊಡನೆ ಕಸದ ಬುಟ್ಟಿಗೆ ಬಿದ್ದಿತು. ನಿಷೇಧವು ಶಾಸನಕ್ಕೆ ಸಲ್ಲಬಾರದು, ಶಬ್ದಕ್ಕೆ ಮಾತ್ರ ಸಲ್ಲಬೇಕು: ರಾಜಧಾನಿಯ ಹೆಸರನ್ನು ಅಖಂಡವಾದ ಬೇರೆ ಶಬ್ದವಾಗಿ ಗುರುತಿಸಿ, ಅದನ್ನು ಕೆರೆಯ ಲೆಕ್ಕದಿಂದ ತೆಗೆದು, ಶಾಸನವನ್ನು ಮಾತ್ರ ಉಳಿಸಿಕೊಳ್ಳಬೇಕು. ಸಂಯುಕ್ತಪ್ರಶ್ನೆಗಳಲ್ಲಿ ತಪ್ಪುಗಳೆಲ್ಲಕ್ಕಿಂತ ಹೆಚ್ಚು ಕೇಡು ಮಾಡುವುದು ಈ ಅವಿವೇಕದ “ಅಲ್ಲ”. ಬೇಡದುದು ಬಂದರೆ ಕಣ್ಣಿಗೆ ಕಾಣುವುದು. ಬೇಕಾದುದು ಹೋದರೆ ಕಾಣುವುದೇ ಇಲ್ಲ.

4. ತಾರತಮ್ಯದ ಲೆಕ್ಕ

ಪ್ರಶ್ನೆಯು ಎಷ್ಟೇ ಒಳ್ಳೆಯದಾಗಿದ್ದರೂ ಫಲಿತವು ನೂರಾರು ಶಾಸನಗಳಾದಾಗ ಯಾವುದು ಮುಂದೆ, ಯಾವುದು ಹಿಂದೆ ಎಂಬ ತಾರತಮ್ಯವು ಅನಿವಾರ್ಯ. ಈ ವಿಷಯದಲ್ಲಿ ಮೂರು ತತ್ತ್ವಗಳನ್ನು ತಿಳಿದಿದ್ದರೆ ಸಾಕು.

ಮೊದಲನೆಯದು ಶಬ್ದದ ವಿರಳತೆ. ಕಾರೆನ್ ಸ್ಪಾರ್ಕ್ ಜೋನ್ಸ್ ಎಂಬ ವಿದುಷಿಯು 1972ರಲ್ಲಿ ಇದನ್ನು ನಿರೂಪಿಸಿದಳು. ಸಾವಿರ ಶಾಸನಗಳ ರಾಶಿಯಲ್ಲಿ “ಸ್ವಸ್ತಿ” ಎಂಬುದು 900ರಲ್ಲಿಯೂ ಒಂದು ಊರಿನ ಹೆಸರು 10ರಲ್ಲಿಯೂ ಬರುವುದೆಂದು ಕಲ್ಪಿಸಿದರೆ, ಸಾವಿರವನ್ನು ಆ ಸಂಖ್ಯೆಗಳಿಂದ ಭಾಗಿಸಿ ಹತ್ತರ ಲಾಗರಿತಮನ್ನು ತೆಗೆದಾಗ ಮೊದಲನೆಯದಕ್ಕೆ ಸುಮಾರು 0.05, ಎರಡನೆಯದಕ್ಕೆ 2 ದೊರೆಯುವುದು. ಎಲ್ಲೆಲ್ಲಿಯೂ ಇರುವ ಶಬ್ದವು ಯಾವುದನ್ನೂ ಬೇರ್ಪಡಿಸಲಾರದು.

ಎರಡನೆಯದು ಪುನರುಕ್ತಿಯ ಮಿತಿ. ಮೂರನೆಯದು ಪಾಠದ ಉದ್ದದ ಸಮೀಕರಣ. ಲಂಡನ್ನಿನ ಸ್ಟೀಫನ್ ರಾಬರ್ಟ್‌ಸನ್ ಮತ್ತು ಆತನ ಸಹೋದ್ಯೋಗಿಗಳು 1994ರಲ್ಲಿ ರೂಪಿಸಿದ ಬಿಎಂ25 ಎಂಬ ಸೂತ್ರದಲ್ಲಿ ಇವೆರಡೂ ಅಡಕವಾಗಿವೆ. 2016ರಿಂದ ಲೂಸೀನ್ ಯಂತ್ರದಲ್ಲಿ ಇದೇ ಸಹಜಕ್ರಮವಾಗಿ ನೆಲೆಗೊಂಡಿದೆ. ವಾಡಿಕೆಯ ಮೌಲ್ಯಗಳನ್ನಿಟ್ಟು ಉದ್ದವನ್ನು ಬಿಟ್ಟು ಲೆಕ್ಕ ಹಾಕಿದರೆ, ಒಂದು ಸಲ ಬಂದ ಶಬ್ದಕ್ಕೆ 1 ಅಂಕವಾದರೆ ಐದು ಸಲ ಬಂದುದಕ್ಕೆ 5 ಅಲ್ಲ, ಸುಮಾರು 1.77 ಮಾತ್ರ. ಹೆಚ್ಚು ಸಲ ಕೂಗಿದವನೇ ಹೆಚ್ಚು ಸತ್ಯವಂತನಲ್ಲವೆಂಬ ವಿವೇಕವು ಈ ಸೂತ್ರದಲ್ಲಿದೆ.

ಆದರೆ ಮೂರನೆಯ ತತ್ತ್ವವು ಶಾಸನಗಳ ವಿಷಯದಲ್ಲಿ ಅನ್ಯಾಯವನ್ನು ಮಾಡುವುದು. ಅದೇ ಸೂತ್ರದಂತೆ, ಸರಾಸರಿಗಿಂತ ನಾಲ್ಕುಪಟ್ಟು ಉದ್ದವಾದ ಶಾಸನದಲ್ಲಿ ಒಂದು ಸಲ ಬಂದ ಹೆಸರಿಗೆ 0.45 ಅಂಕ, ಸರಾಸರಿಯ ಅರ್ಧದಷ್ಟು ಚಿಕ್ಕದರಲ್ಲಿ ಒಂದು ಸಲ ಬಂದರೆ 1.26. ಎಂದರೆ ಹೆಚ್ಚುಕಡಿಮೆ ಮೂರು ಪಾಲು. ವರ್ತಮಾನಪತ್ರಿಕೆಯ ಲೇಖನಗಳಿಗೆ ಇದು ಯುಕ್ತವಾದೀತು. ಉದ್ದವಾದ ಲೇಖನದಲ್ಲಿ ಒಂದು ಸಲ ಸುಳಿದುಹೋದ ಹೆಸರು ಅದರ ಮುಖ್ಯವಿಷಯವಾಗಿರಲಾರದು. ಹೊಯ್ಸಳರ ದಾನಶಾಸನದ ರಚನೆಯೇ ಬೇರೆ. ಮಂಗಳಾಚರಣೆ, ವಂಶಾವಳಿ, ಬಿರುದಾವಳಿ ಇವೆಲ್ಲವೂ ಮುಗಿದಮೇಲೆ ಕೊನೆಯ ಕೆಲವು ಪಂಕ್ತಿಗಳಲ್ಲಿ ದಾನ ಮಾಡಿದ ಊರು, ಭೂಮಿ, ಅದರ ಎಲ್ಲೆಗಳು ಬರುವುವು. ಶಾಸನವನ್ನು ಹಾಕಿಸಿದ ಉದ್ದೇಶವೇ ಆ ಪಂಕ್ತಿಗಳು. ಉಳಿದುದು ಅದಕ್ಕೆ ಕಟ್ಟಿದ ತೋರಣ. ಕವಿಯು ತೋರಣವನ್ನು ಸೊಗಸಾಗಿಯೂ ಉದ್ದವಾಗಿಯೂ ಕಟ್ಟಿದನೆಂಬ ಕಾರಣದಿಂದ ಊರಿಗೆ ದಂಡ ವಿಧಿಸುವುದು ನ್ಯಾಯವಲ್ಲ.

5. ಸ್ವಕೃತ ತಾರತಮ್ಯ

ಆದುದರಿಂದ ಯಂತ್ರದ ಸಹಜಕ್ರಮವನ್ನು ಬಿಟ್ಟು ವಿಷಯಕ್ಕೆ ತಕ್ಕ ಕ್ರಮವನ್ನು ಶೋಧಕನೇ ರಚಿಸಿಕೊಳ್ಳಬೇಕಾಗುವುದು. ಇದಕ್ಕೆ ಮೊದಲ ಹೆಜ್ಜೆ ಶಾಸನವನ್ನು ಅಂಗಗಳಾಗಿ ವಿಂಗಡಿಸುವುದು: ಪ್ರಶಸ್ತಿ, ದಾನಭಾಗ, ಎಲ್ಲೆಗಳು, ಶಾಪವಾಕ್ಯ. ಊರಿನ ಹೆಸರು ದಾನಭಾಗದಲ್ಲಿದ್ದರೆ 4, ಎಲ್ಲೆಗಳಲ್ಲಿದ್ದರೆ 3, ಪ್ರಶಸ್ತಿಯಲ್ಲಿದ್ದರೆ 1 ಎಂದು ತೂಕವಿಟ್ಟು, ಅಂಗದೊಳಗೆ ಉದ್ದದ ದಂಡವನ್ನು ತೆಗೆದುಹಾಕಬಹುದು. ಆಗ ಬಿರುದಾವಳಿಯಲ್ಲಿ “ಭುವನ”ವು ಐದು ಸಲ ಬಂದರೂ 1.77, ದಾನಭಾಗದಲ್ಲಿ ಊರಿನ ಹೆಸರು ಒಂದೇ ಸಲ ಬಂದರೂ 4. ಹಳ್ಳಿಯು ಅರಸನನ್ನು ದಾಟಿ ಮುಂದೆ ಬರುವುದು.

ಶಾಪವಾಕ್ಯವನ್ನು ಬೇರೆಯಿಡುವ ಪ್ರಯೋಜನವು ಮತ್ತೊಂದು ಉದಾಹರಣೆಯಿಂದ ಸ್ಪಷ್ಟವಾಗುವುದು. ದಾನವನ್ನು ಅಪಹರಿಸಿದವನಿಗೆ ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪ ಬರಲೆಂಬ ಶಾಪವು ಶಾಸನಗಳಲ್ಲಿ ಸರ್ವೇಸಾಮಾನ್ಯ. ಹಾಸನದ ಸೀಮೆಯಿಂದ ಕಾಶೀಯಾತ್ರೆಗೆ ಹೋದವರ ಸಂಗತಿಯನ್ನು ಅರಸಿ “ವಾರಣಾಸಿ” ಎಂದು ಕೇಳಿದವನಿಗೆ ಯಾತ್ರಿಕರ ಬದಲು ಶಪಿಸಲ್ಪಟ್ಟವರ ಸಾಲೇ ಎದುರಾಗುವುದು. ಅಂಗವಿಭಾಗ ಮಾಡಿದ ರಾಶಿಯಲ್ಲಿ ಈ ಭ್ರಾಂತಿಗೆ ಎಡೆಯಿಲ್ಲ.

ಇನ್ನು ಪಾಠದ ವಿಶ್ವಾಸಾರ್ಹತೆ. ಸಂಪಾದಕನು ಸ್ಪಷ್ಟವಾಗಿ ಓದಿದ ಅಕ್ಷರಕ್ಕೂ, ಕಲ್ಲು ಸವೆದ ಕಡೆ ಊಹಿಸಿ ಕಂಸದಲ್ಲಿ ತುಂಬಿದ ಅಕ್ಷರಕ್ಕೂ ಒಂದೇ ತೂಕ ಸಲ್ಲದು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳ ಪಾಠವು ರೈಸ್ ಸಾಹೇಬರ ಪಾಠದಿಂದ ಬೇರೆಯಾದಾಗ ಪರಿಷ್ಕೃತವನ್ನು ಮುಂದಿಡಬೇಕು. ಆದರೆ ಹಳೆಯ ಪಾಠವನ್ನು ಅಳಿಸಬಾರದು. ಮೊದಲು ಓದಿದವನು ಕಂಡ ಅಕ್ಷರವು ಆಮೇಲೆ ಕಲ್ಲಿನಿಂದಲೇ ಮಾಯವಾಗಿರಬಹುದು.

ಜನಪ್ರಿಯತೆಯ ತೂಕವು ಇಲ್ಲಿ ಸರ್ವಥಾ ಸಲ್ಲದು. ಬ್ರಿನ್ ಮತ್ತು ಪೇಜ್ ಎಂಬವರು 1998ರಲ್ಲಿ ಪ್ರಕಟಿಸಿದ ಕ್ರಮದಂತೆ, ಯಾವ ಪುಟವನ್ನು ಮಹತ್ತ್ವದ ಇತರ ಪುಟಗಳು ಹೆಚ್ಚಾಗಿ ನಿರ್ದೇಶಿಸುವುವೋ ಅದಕ್ಕೆ ಹೆಚ್ಚು ಗೌರವ. ಲೋಕವ್ಯವಹಾರಕ್ಕೆ ಇದು ದೊಡ್ಡ ಉಪಕಾರವನ್ನು ಮಾಡಿತು. ಬೂವನಹಳ್ಳಿಯೆಂದು ಕೇಳಿದವರಲ್ಲಿ ಬಹುಮಂದಿಗೆ ಬೇಕಾದುದು ವಿಮಾನನಿಲ್ದಾಣದ ಸುದ್ದಿಯೇ ಆದ್ದರಿಂದ ಅದು ಮುಂದೆ ಬರುವುದರಲ್ಲಿ ದೋಷವಿಲ್ಲ. ಆದರೆ ಶಾಸನರಾಶಿಯಲ್ಲಿ ಇದೇ ನೀತಿಯನ್ನು ನಡೆಯಿಸಿದರೆ, ಎಲ್ಲರೂ ಉದಾಹರಿಸುವ ಶಾಸನವು ಇನ್ನೂ ಮುಂದೆ ಬಂದು, ಯಾರೂ ನೋಡದ ವೀರಗಲ್ಲು ಯಾರೂ ನೋಡದುದಾಗಿಯೇ ಉಳಿಯುವುದು. ಸಂಶೋಧನೆಯೆಂಬುದಕ್ಕೆ ಅರ್ಥವಿದ್ದರೆ ಅದು ಎರಡನೆಯದರ ಕಡೆಗಿದೆ.

6. ಪೂರ್ವಪಕ್ಷವೂ ಪರೀಕ್ಷೆಯೂ

ಇಷ್ಟೆಲ್ಲ ತೂಕಗಳನ್ನು ಶೋಧಕನೇ ಇಟ್ಟರೆ ಅವನ ಅಭಿಪ್ರಾಯವೇ ಫಲಿತವಾಗಿ ಹಿಂದಿರುಗುವುದಲ್ಲವೆ, ತಾಲ್ಲೂಕಿನ ಸಂಖ್ಯೆಯ ಹಳೆಯ ಕ್ರಮವೇ ನಿಷ್ಪಕ್ಷಪಾತವಲ್ಲವೆ ಎಂದು ಆಕ್ಷೇಪಿಸಬಹುದು. ಈ ಆಕ್ಷೇಪದಲ್ಲಿ ಹುರುಳಿದೆ. ರೈಸ್ ಸಾಹೇಬರ ಕ್ರಮವೂ ಒಂದು ಕ್ರಮವೇ ಆದರೂ ಅದು ಮೊದಲೇ ತಿಳಿದಿದ್ದುದು. ಯಾವ ಶಾಸನವನ್ನೂ ಅದು ಮೇಲೆಂದು ಹೊಗಳಲಿಲ್ಲ, ಯಾವುದನ್ನೂ ಹಿಂದಿನ ಪುಟಕ್ಕೆ ನೂಕಿ ಮರೆಸಲಿಲ್ಲ. ಆದರೆ ಸಹಜಕ್ರಮವನ್ನು ಹಾಗೆಯೇ ಒಪ್ಪಿದವನು ನಿಷ್ಪಕ್ಷಪಾತಿಯಾದನೆಂದು ತಿಳಿಯುವುದು ಭ್ರಮೆ. ಅವನು ಬೇರೆಯವರು ಬೇರೆ ಉದ್ದೇಶಕ್ಕೆ ಇಟ್ಟ ತೂಕಗಳನ್ನು ಅರಿಯದೆ ಒಪ್ಪಿದ್ದಾನೆ, ಅಷ್ಟೆ. ಪಕ್ಷಪಾತಕ್ಕೆ ಪರಿಹಾರವು ತಾರತಮ್ಯವನ್ನು ತೊರೆಯುವುದಲ್ಲ, ಅದನ್ನು ಬಹಿರಂಗಪಡಿಸುವುದು. ಪ್ರತಿಯೊಂದು ಫಲಿತಕ್ಕೂ ಅಂಕವು ಹೇಗೆ ಬಂದಿತೆಂದು ವಿವರಿಸಿ ತೋರಿಸುವ ಅನುಕೂಲವು ಲೂಸೀನ್ ಮೊದಲಾದ ಯಂತ್ರಗಳಲ್ಲಿಯೇ ಇದೆ. ತೂಕದ ಕ್ರಮದೊಡನೆ ಕಾಲಕ್ರಮವನ್ನೂ ಸಂಖ್ಯಾಕ್ರಮವನ್ನೂ ಓದುಗನ ಇಚ್ಛೆಗೆ ಬಿಡುವುದೂ ಕಷ್ಟವಲ್ಲ.

ತೂಕಗಳು ಸರಿಯೇ ಎಂಬುದನ್ನು ಪರೀಕ್ಷಿಸುವ ವಿಧಾನವೂ ಹೊಸದಲ್ಲ. ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್‌ನಲ್ಲಿ ಸಿರಿಲ್ ಕ್ಲೆವರ್ಡನ್ 1960ರ ದಶಕದಲ್ಲಿ ಇದಕ್ಕೆ ದಾರಿ ಹಾಕಿದನು. ಒಂದು ತಾಲ್ಲೂಕಿನ ಶಾಸನಗಳನ್ನೆಲ್ಲ ಕಣ್ಣಾರೆ ಓದಿ, ಒಂದು ಪ್ರಶ್ನೆಗೆ ನಿಜವಾಗಿ ಸಲ್ಲುವ ಶಾಸನಗಳು 20 ಎಂದು ಗೊತ್ತುಮಾಡಿಕೊಂಡರೆ, ಯಂತ್ರವು ಕೊಟ್ಟ 30ರಲ್ಲಿ ಅವುಗಳ ಪೈಕಿ 15 ಇದ್ದಾಗ, ದೊರೆತ ಪಾಲು ನಾಲ್ಕರಲ್ಲಿ ಮೂರು, ಶುದ್ಧಿಯ ಪಾಲು ಎರಡರಲ್ಲಿ ಒಂದು ಎಂದಾಗುವುದು. ತಪ್ಪಿಹೋದ ಐದನ್ನು ಒಂದೊಂದಾಗಿ ಪರಿಶೀಲಿಸಿದರೆ ದೋಷವು ಸಂಧಿಯಲ್ಲಿದೆಯೊ, ಲಿಪಿಯಲ್ಲಿದೆಯೊ, ತೂಕದಲ್ಲಿದೆಯೊ ತಿಳಿಯುವುದು. ಆದರೆ ಇದಕ್ಕೆ ಯಾರಾದರೂ ಒಬ್ಬರು ಆ ತಾಲ್ಲೂಕನ್ನು ಪೂರ್ತಿಯಾಗಿ ಓದಿರಲೇಬೇಕು. ಯಂತ್ರವು ಓದುವ ಶ್ರಮವನ್ನು ತಪ್ಪಿಸುವುದೆಂಬ ಮಾತು ಇಲ್ಲಿಗೆ ನಿಲ್ಲುವುದು; ಅದು ಒಬ್ಬನ ಓದಿನ ಫಲವನ್ನು ಹಲವರಿಗೆ ಹಂಚಬಲ್ಲುದು, ಓದನ್ನೇ ಇಲ್ಲವಾಗಿಸಲಾರದು.

ಗ್ರಂಥಾಲಯಶಾಸ್ತ್ರದ ಪಂಚಸೂತ್ರಗಳನ್ನು 1931ರಲ್ಲಿ ಪ್ರಕಟಿಸಿ, ಕೊನೆಗಾಲದಲ್ಲಿ ಬೆಂಗಳೂರಿನಲ್ಲಿ ನೆಲಸಿದ್ದ ಎಸ್. ಆರ್. ರಂಗನಾಥನ್‌ರವರು ಓದುಗನ ಕಾಲವನ್ನು ಉಳಿಸಬೇಕೆಂಬುದನ್ನು ಒಂದು ಸೂತ್ರವಾಗಿಯೇ ಇಟ್ಟರು. ಶೋಧಯಂತ್ರವು ಆ ಸೂತ್ರವನ್ನು ಬಹುಮಟ್ಟಿಗೆ ನೆರವೇರಿಸಿದೆ. ಆದರೆ ಉಳಿದ ಕಾಲದಲ್ಲಿ ಒಂದಂಶವನ್ನು ಪ್ರಶ್ನೆಯನ್ನು ಚೆನ್ನಾಗಿ ಕಟ್ಟುವುದಕ್ಕೆ ಮರಳಿ ವೆಚ್ಚಮಾಡದಿದ್ದರೆ ಆ ಉಳಿತಾಯವು ನಷ್ಟವೇ ಸರಿ.

ಅಂತು ಈ ವಿಮರ್ಶೆಯಿಂದ ಹೊರಡುವ ಬೇಡಿಕೆಯು ಚಿಕ್ಕದು. ಒಂದು ಶಬ್ದವೊ ಊರೊ ಸಂಗತಿಯೊ ಶಾಸನಗಳಲ್ಲಿ ಇಲ್ಲವೆಂದು ಬರೆಯುವವರು ಮೂರು ಮಾತುಗಳನ್ನು ಜೊತೆಗೆ ಅಚ್ಚುಮಾಡಿಸಬೇಕು: ಯಾವ ಯಾವ ಸಂಪುಟಗಳ ಪಾಠವನ್ನು ಶೋಧಿಸಲಾಯಿತು, ಯಾವ ಯಾವ ರೂಪಗಳನ್ನು ಹೇಗೆ ಕೂಡಿಸಿ ಕೇಳಲಾಯಿತು, ಫಲಿತಗಳಲ್ಲಿ ಎಷ್ಟನೆಯದರವರೆಗೆ ಕಣ್ಣಿಟ್ಟು ನೋಡಲಾಯಿತು. ಇವು ಅರ್ಧ ಪುಟವನ್ನೂ ಹಿಡಿಯವು. ಇವಿದ್ದರೆ ಮುಂದಿನವನು ತಪ್ಪನ್ನು ಹಿಡಿದು ತಿದ್ದಬಲ್ಲನು. ಇವಿಲ್ಲದಿದ್ದರೆ, “ಪಲ್ಮಡಿ”ಯನ್ನು ಎದುರಿಗಿಟ್ಟುಕೊಂಡು “ಹಲ್ಮಿಡಿ” ಇಲ್ಲವೆಂದು ಬರೆದವನ ಮಾತೂ, ಎಲ್ಲವನ್ನೂ ಓದಿ ಇಲ್ಲವೆಂದು ಬರೆದವನ ಮಾತೂ ಪುಟದ ಮೇಲೆ ಒಂದೇ ಬೆಲೆಗೆ ನಿಲ್ಲುವುವು.